ಮನಸ್ಸಿನ ಗುಳಿಗೆ: ಊರಿಗೆ ಹೇಳಬೇಡಿ, ಡಾಕ್ಟರಿಗೆ ಹೇಳಿ

ನಮ್ಮ ಬಳಗದ ಗೆಳತಿಯೊಬ್ಬಳ ಚಿಗವ್ವ ಎರಡು ವರ್ಷದಿಂದ ದಿನಕ್ಕೊಂದು ಗುಳಿಗೆ ತೆಗೆದುಕೊಳ್ಳುತ್ತಾರೆ. ಗಂಡ ತೀರಿಕೊಂಡ ಮೇಲೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಹೊಲಕ್ಕೆ ಹೋದರೆ ಬದುವಿನ ಮೇಲೆ ಕೂತು ಸಂಜೆ ಮಾಡಿ ಬರುತ್ತಿದ್ದರು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ಮನೋವೈದ್ಯರು ಎಸ್ಸಿಟಾಲೋಪ್ರಾಮ್ ಎಂಬ ಗುಳಿಗೆ ಬರೆದುಕೊಟ್ಟರು. ಎರಡು ತಿಂಗಳಾಗುವಷ್ಟರಲ್ಲಿ ಚಿಗವ್ವ ಮತ್ತೆ ರೊಟ್ಟಿ ಬಡಿಯತೊಡಗಿದರು, ಕಟ್ಟೆಗೆ ಬಂದು ನಾಲ್ಕು ಮಾತಾಡತೊಡಗಿದರು.

ಆ ಗುಳಿಗೆ ಇರುವ ಜಾಗ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ. ಮನೆಯಲ್ಲಿ ಮದುವೆ ವಯಸ್ಸಿನ ಮಗಳಿದ್ದಾಳೆ. "ತಾಯಿ ತಲಿ ಕೆಟ್ಟ ಗುಳಗಿ ತಗೋತಾಳ ಅಂತ ಗೊತ್ತಾದ್ರ ಹೆಣ್ಣು ಕೇಳಾಕ ಯಾರ್ ಬರ್ತಾರ?" ಎಂದು ಮನೆಯವರೆಲ್ಲ ಸೇರಿ ಒಂದು ಮಾತು ಮಾಡಿಕೊಂಡಿದ್ದರು. ಯಾರ ಮುಂದೂ ಬಾಯಿ ಬಿಡಬಾರದು.

ಹೋದ ಮಳೆಗಾಲದಲ್ಲಿ ಚಿಗವ್ವನಿಗೆ ಕಳೆ ತೆಗೆದು ತೆಗೆದು ಸೊಂಟ ಹಿಡಿಯಿತು. ಜೊತೆಗೆ ಒಣಕೆಮ್ಮು. ಹತ್ತಿರದ ಡಾಕ್ಟರ ಹತ್ತಿರ ಹೋದರು. ಬೇರೆ ಗುಳಿಗೆ ಏನು ತೆಗೆದುಕೊಳ್ಳುತ್ತೀರಿ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ನೋವಿಗೆ ಟ್ರಮಡಾಲ್ ಇರುವ ಗುಳಿಗೆ ಪೊಟ್ಟಣದಲ್ಲಿ ಕಟ್ಟಿ ಕೊಟ್ಟರು. ಬರುವಾಗ ಮೆಡಿಕಲ್ ಅಂಗಡಿಯಲ್ಲಿ ಕೆಮ್ಮಿಗೆ ಒಂದು ಬಾಟಲಿ ಸಿರಪ್ ತಂದರು. ಮಧ್ಯಾಹ್ನ ಊಟ ಮಾಡಿ ಒಂದು ಪೊಟ್ಟಣ, ಎರಡು ಮುಚ್ಚಳ ಸಿರಪ್. ರಾತ್ರಿ ಮತ್ತೊಮ್ಮೆ ಅಷ್ಟೇ.

ರಾತ್ರಿ ಹತ್ತರ ಹೊತ್ತಿಗೆ ಮೈ ಬೆವರಲು ಶುರುವಾಯಿತು. ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಕೈ ನಡುಕ, ಕಾಲು ತಾನಾಗಿ ಜಗ್ಗುವುದು, ಎರಡು ಸಲ ಭೇದಿ. ಕಣ್ಣು ದೊಡ್ಡದು ಮಾಡಿಕೊಂಡು ಏನೇನೋ ಮಾತು. ಪಕ್ಕದ ಮನೆಯವರು "ಗಾಳಿ ಸೋಕೇತಿ" ಎಂದರು. ಇನ್ನೊಬ್ಬರು "ಆಚಿ ಹೊಲದಾಗ ಎಣ್ಣಿ ಹೊಡದಾರ, ಅದು ಬಡದೇತಿ" ಎಂದರು. ಮನೆಯೊಳಗಿನವರು ಮಾತ್ರ ಬೇರೆ ಲೆಕ್ಕ ಹಾಕಿದ್ದರು. ಹಳೆಯ ಕಾಯಿಲೆ ಮತ್ತೆ ತಲೆಗೆ ಏರಿದೆ, ಡಬ್ಬಿಯ ಹಿಂದಿನ ಗುಳಿಗೆ ಇನ್ನೊಂದು ಕೊಟ್ಟರೆ ಇಳಿದೀತು ಎಂದು. ಪುಣ್ಯಕ್ಕೆ ಕೊಡುವ ಮೊದಲೇ ಗಾಡಿ ಬಂತು.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡಾಕ್ಟರು ಕೇಳಿದರು, "ಬೇರೆ ಏನಾದರೂ ಮಾತ್ರೆ ತಗೊಳ್ತಾರಾ?" ಚಿಗವ್ವನ ಭಾವ "ಏನೂ ಇಲ್ರಿ" ಎಂದರು. ನಮ್ಮ ಗೆಳತಿ ಅಲ್ಲೇ ನಿಂತಿದ್ದಳು. ಅವಳಿಗೆ ಗೊತ್ತಿತ್ತು. ಆದರೆ ಜೊತೆಗೆ ಬಂದ ಪಕ್ಕದ ಮನೆಯ ಹೆಂಗಸೂ ಅಲ್ಲೇ ಇದ್ದರು. ಇಪ್ಪತ್ತು ನಿಮಿಷ ಅವಳು ಬಾಯಿ ಬಿಡಲಿಲ್ಲ. ಆಮೇಲೆ ತಡೆಯಲಾರದೆ ಡಾಕ್ಟರ ಹಿಂದೆ ಹೊರಗೆ ಓಡಿ ಎಲ್ಲ ಹೇಳಿದಳು.

ಡಾಕ್ಟರು ಮರಳಿ ಬಂದು ಚಿಗವ್ವನ ಮೊಣಕಾಲು ಸ್ವಲ್ಪ ಮಡಿಸಿ, ಪಾದವನ್ನು ಸಟ್ಟನೆ ಮೇಲಕ್ಕೆ ಒತ್ತಿ ಹಿಡಿದರು. ಪಾದ ಹೊಲಿಗೆ ಮಷೀನ್ ತುಳಿದ ಹಾಗೆ ತಾನಾಗಿ ಕುಣಿಯಿತು. "ಇದು ಸೆರೊಟೋನಿನ್ ಸಿಂಡ್ರೋಮ್" ಎಂದರು. ಹೊಸ ಔಷಧ ಎರಡನ್ನೂ ನಿಲ್ಲಿಸಿ, ಹಳೆಯ ಗುಳಿಗೆಯನ್ನೂ ಸದ್ಯಕ್ಕೆ ತಡೆದು, ಸಲೈನ್ ಹಾಕಿ, ಮೈ ಶಾಂತವಾಗಲು ಸೂಜಿ ಕೊಟ್ಟರು. ಮರುದಿನ ಸಂಜೆ ಚಿಗವ್ವ ಎದ್ದು ಕೂತು ಚಹಾ ಕೇಳಿದರು.

ಚಿಗವ್ವನ ಒಪ್ಪಿಗೆ ಪಡೆದು, ಹೆಸರು, ಊರು ಬಿಟ್ಟು ಇದನ್ನು ಬರೆಯುತ್ತಿದ್ದೇವೆ. ನಮ್ಮನ್ನು ಕಾಡಿದ್ದು ಆ ಇಪ್ಪತ್ತು ನಿಮಿಷ. ಮಾನಸಿಕ ಕಾಯಿಲೆಗೆ ನಾಚಿಕೆ ಪಡಬೇಡಿ ಎಂದು ಊರೂರು ತಿರುಗಿ ಬರೆಯುವವರು ನಾವು. ನಮ್ಮಲ್ಲೇ ಒಬ್ಬಳಿಗೆ ಆ ಹೊತ್ತಿನಲ್ಲಿ ಮಾತು ಹೊರಡಲಿಲ್ಲ. ಹಾಗಿದ್ದಾಗ ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ಈ ಗುಟ್ಟು ಎಲ್ಲಿಂದ ಬರುತ್ತದೆ, ಎಲ್ಲಿ ಕೊಲ್ಲುತ್ತದೆ ಎಂದು ನೋಡಬೇಕೆನಿಸಿತು.

ಏನಿದು?

ಸೆರೊಟೋನಿನ್ ನಮ್ಮ ಮೈಯಲ್ಲೇ ತಯಾರಾಗುವ ಒಂದು ರಾಸಾಯನಿಕ. ಅದರಲ್ಲಿ ಹೆಚ್ಚಿನ ಪಾಲು ಇರುವುದು ಕರುಳಿನಲ್ಲಿ. ಮಿದುಳಿನಲ್ಲಿ ಇರುವ ಸ್ವಲ್ಪ ಪಾಲು ನಿದ್ದೆ, ಹಸಿವು, ಮನಸ್ಸಿನ ಸ್ಥಿತಿ, ಮೈಯ ಬಿಸಿ ಇವನ್ನೆಲ್ಲ ಹದದಲ್ಲಿ ಇಡಲು ನೆರವಾಗುತ್ತದೆ. ಖಿನ್ನತೆಗೆ, ಅತಿಯಾದ ಆತಂಕಕ್ಕೆ ಕೊಡುವ ಬಹಳಷ್ಟು ಗುಳಿಗೆಗಳು ಮಿದುಳಿನಲ್ಲಿ ಸೆರೊಟೋನಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ.

ಡಾಕ್ಟರು ಹೇಳಿದ ಅಳತೆಯಲ್ಲಿ ಒಂದೇ ಗುಳಿಗೆ ತೆಗೆದುಕೊಂಡರೆ ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲ. ಕಾಲುವೆಗೆ ಒಂದು ತೂಬಿನಿಂದ ನೀರು ಬಿಟ್ಟರೆ ಬೆಳೆಗೆ ಹಿತ. ಯಾರಿಗೂ ತಿಳಿಯದ ಹಾಗೆ ಮೂರು ತೂಬು ಒಟ್ಟಿಗೆ ತೆರೆದರೆ ಒಡ್ಡು ಒಡೆಯುತ್ತದೆ. ಸೆರೊಟೋನಿನ್ ಸಿಂಡ್ರೋಮ್ ಎಂದರೆ ಹೀಗೆ ಒಡ್ಡು ಒಡೆಯುವುದು. ಹೆಚ್ಚಿನವರಿಗೆ ಇದು ಸಣ್ಣದಾಗಿ ಬಂದು, ಔಷಧ ನಿಲ್ಲಿಸಿದ ಒಂದು ದಿನದೊಳಗೆ ಇಳಿದು ಹೋಗುತ್ತದೆ. ಜೋರಾಗಿ ಬಂದರೆ ಮೈ ಬಿಗಿದು, ಜ್ವರ ವಿಪರೀತ ಏರಿ, ಜೀವಕ್ಕೇ ಸಂಚಕಾರ.

ಯಾವುದರ ಜೊತೆ ಯಾವುದು?

ಮನಸ್ಸಿನ ಕಾಯಿಲೆಯ ಗುಳಿಗೆಗಳಲ್ಲಿ ಈ ಗುಂಪಿಗೆ ಸೇರುವ ಹೆಸರುಗಳು ಇವು: ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್, ಡುಲಾಕ್ಸೆಟಿನ್, ಇಮಿಪ್ರಮಿನ್, ಕ್ಲೋಮಿಪ್ರಮಿನ್, ಅಮಿಟ್ರಿಪ್ಟಿಲಿನ್. ಲಿಥಿಯಂ ಕೂಡ ಇವುಗಳ ಜೊತೆ ಸೇರಿದಾಗ ಪರಿಣಾಮ ಹೆಚ್ಚಿಸಬಹುದು.

ಇವುಗಳಲ್ಲಿ ಕೆಲವು ಮನಸ್ಸಿನ ಕಾಯಿಲೆಗೆ ಮಾತ್ರ ಕೊಡುವಂಥವಲ್ಲ. ಅಮಿಟ್ರಿಪ್ಟಿಲಿನ್ ಅನ್ನು ತಲೆನೋವಿಗೆ, ನರದ ನೋವಿಗೆ ಕೊಡುತ್ತಾರೆ. ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಡುಲಾಕ್ಸೆಟಿನ್ ಬರೆಯುತ್ತಾರೆ. "ನನಗೇನು ಹುಚ್ಚಾ? ಇದು ನನಗೆ ಸಂಬಂಧಪಟ್ಟದ್ದಲ್ಲ" ಎಂದು ಇಲ್ಲಿಗೇ ಓದು ನಿಲ್ಲಿಸುವವರು ಒಮ್ಮೆ ತಮ್ಮ ಗುಳಿಗೆಯ ಹಾಳೆ ತಿರುಗಿಸಿ ನೋಡಬೇಕು.

ಇನ್ನು ಇವುಗಳ ಜೊತೆ ಸೇರಿ ಅಪಾಯ ತರುವಂಥವು. ಮೊದಲನೆಯದು ನೋವಿನ ಔಷಧ. ಟ್ರಮಡಾಲ್, ಟಪೆಂಟಡಾಲ್ ಗುಳಿಗೆಗಳು, ಆಸ್ಪತ್ರೆಯಲ್ಲಿ ಕೊಡುವ ಪೆಥಿಡಿನ್ ಸೂಜಿ. ಟ್ರಮಡಾಲ್ ಅನ್ನು 2018ರಲ್ಲಿ ಕೇಂದ್ರ ಸರ್ಕಾರ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ತಂದಿದೆ. ಹಾಗಿದ್ದರೂ ಚೀಟಿ ಇಲ್ಲದೆ, ಪೊಟ್ಟಣದಲ್ಲಿ ಹೆಸರಿಲ್ಲದೆ ಅದು ಕೂಲಿಯವರ ಕೈಗೆ ಸೇರಿದರೆ ಕಾಯ್ದೆ ಇದ್ದೂ ಇಲ್ಲದಂತೆ.

ಎರಡನೆಯದು ಕೆಮ್ಮಿನ ಸಿರಪ್. ಒಣಕೆಮ್ಮಿಗೆ ಕೊಡುವ ಅನೇಕ ಸಿರಪ್‌ಗಳಲ್ಲಿ ಡೆಕ್ಸ್ಟ್ರೊಮೆಥಾರ್ಫಾನ್ ಇರುತ್ತದೆ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಸಿರಪ್ ಎಂದರೆ ಮಕ್ಕಳ ಔಷಧ, ಅದರಿಂದೇನು ಎಂದು ನಾವು ಹಗುರವಾಗಿ ಕಾಣುತ್ತೇವೆ.

ಮೂರನೆಯದು ಲೈನೆಜೋಲಿಡ್. ಸಾಮಾನ್ಯ ಔಷಧಕ್ಕೆ ಬಗ್ಗದ ಕ್ಷಯರೋಗಕ್ಕೆ ಇದನ್ನು ಕೊಡುತ್ತಾರೆ. ಕ್ಷಯದವರಿಗೆ ಖಿನ್ನತೆಯೂ ಜೊತೆಗೂಡುವುದು ಅಪರೂಪವಲ್ಲ. ಕ್ಷಯದ ಗುಳಿಗೆ ಒಂದು ಕಡೆಯಿಂದ, ಮನಸ್ಸಿನ ಗುಳಿಗೆ ಇನ್ನೊಂದು ಕಡೆಯಿಂದ ಬರುತ್ತಿದ್ದರೆ ಎರಡೂ ಕಡೆ ಹೇಳಲೇಬೇಕು.

ನಾಲ್ಕನೆಯದನ್ನು ಬರೆಯಲು ಸಂಕೋಚ, ಆದರೂ ಬರೆಯುತ್ತೇವೆ. ಶೀಘ್ರಸ್ಖಲನಕ್ಕೆ ಗಂಡಸರು ಗುಟ್ಟಾಗಿ ಕೊಳ್ಳುವ ಡಾಪಾಕ್ಸೆಟಿನ್ ಗುಳಿಗೆ ಕೂಡ ಇದೇ ಗುಂಪಿನದು. ಹೆಂಡತಿಗೆ ಗೊತ್ತಿಲ್ಲದೆ ಒಂದು, ಊರಿಗೆ ಗೊತ್ತಿಲ್ಲದೆ ಇನ್ನೊಂದು ಎಂದು ಎರಡು ಗುಟ್ಟುಗಳು ಒಂದೇ ಮೈಯಲ್ಲಿ ಸೇರಿದರೆ ಕೇಳುವವರು ಯಾರು?

ಪ್ಯಾರಾಸಿಟಮಾಲ್ ಈ ಪಟ್ಟಿಗೆ ಸೇರಿಲ್ಲ. ಮೈಕೈ ನೋವಿಗೆ ಡಾಕ್ಟರನ್ನು ಕೇಳಿದರೆ ಹೊಂದುವ ಔಷಧ ಸಿಕ್ಕೇ ಸಿಗುತ್ತದೆ. ಮನಸ್ಸಿನ ಗುಳಿಗೆ ತೆಗೆದುಕೊಳ್ಳುವವರು ನೋವು ನುಂಗಿಕೊಂಡು ಇರಬೇಕೆಂದು ನಾವು ಹೇಳುತ್ತಿಲ್ಲ.

ಗುರುತು ಹಿಡಿಯುವುದು ಹೇಗೆ?

ಮೊದಲು ಗಡಿಯಾರ ನೋಡಿ. ಹೊಸ ಔಷಧ ಸೇರಿದ ಮೇಲೆ, ಅಥವಾ ಇದ್ದ ಗುಳಿಗೆಯ ಅಳತೆ ಹೆಚ್ಚಿಸಿದ ಮೇಲೆ, ಸಾಮಾನ್ಯವಾಗಿ 24 ಗಂಟೆಯೊಳಗೆ ಇದು ಕಾಣಿಸಿಕೊಳ್ಳುತ್ತದೆ. ಬಹಳಷ್ಟು ಜನರಲ್ಲಿ 6 ಗಂಟೆಯೊಳಗೇ. ನಿನ್ನೆ ಚೆನ್ನಾಗಿದ್ದವರು ಇವತ್ತು ಹೀಗಾದರು ಎನ್ನುವುದೇ ಮೊದಲ ಸುಳಿವು.

ಆಮೇಲೆ ಮೂರು ಕಡೆ ನೋಡಿ.

ಮನಸ್ಸು: ತಳಮಳ, ಚಡಪಡಿಕೆ, ಗಾಬರಿ, ಗೊಂದಲದ ಮಾತು.

ಮೈ: ಧಾರಾಕಾರ ಬೆವರು, ಎದೆ ಜೋರಾಗಿ ಬಡಿದುಕೊಳ್ಳುವುದು, ಭೇದಿ, ಜ್ವರ, ಕಣ್ಣಿನ ಪಾಪೆ ಅಗಲವಾಗುವುದು.

ಕೈಕಾಲು: ನಡುಕ, ಸ್ನಾಯು ಜಗ್ಗುವುದು, ಬಿಗಿತ. ಇವು ಕೈಗಿಂತ ಕಾಲಿನಲ್ಲಿ ಹೆಚ್ಚು.

ಡಾಕ್ಟರು ಪಾದ ಒತ್ತಿ ನೋಡಿದ್ದು ಇದಕ್ಕೇ. ಈ ಕಾಯಿಲೆಯನ್ನು ಖಚಿತವಾಗಿ ಹೇಳಬಲ್ಲ ರಕ್ತ ಪರೀಕ್ಷೆ ಇಲ್ಲ. ಆಸ್ಟ್ರೇಲಿಯಾದ ಹಂಟರ್ ಪ್ರದೇಶದ ವೈದ್ಯರು 2003ರಲ್ಲಿ ಪ್ರಕಟಿಸಿದ ಗುರುತಿನ ಕ್ರಮವನ್ನೇ ಇಂದಿಗೂ ಹೆಚ್ಚಿನ ಕಡೆ ಅನುಸರಿಸುತ್ತಾರೆ. ಸೆರೊಟೋನಿನ್ ಹೆಚ್ಚಿಸುವ ಔಷಧ ತೆಗೆದುಕೊಂಡವರಲ್ಲಿ ಪಾದ ತಾನಾಗಿ ಕುಣಿಯುತ್ತದೆಯೇ, ಕಣ್ಣುಗುಡ್ಡೆ ಅದುರುತ್ತದೆಯೇ, ನಡುಕದ ಜೊತೆ ಮೊಣಕಾಲು ತಟ್ಟಿದಾಗ ಕಾಲು ವಿಪರೀತ ಚಿಮ್ಮುತ್ತದೆಯೇ ಎಂದು ನೋಡುವುದು ಅದರ ತಿರುಳು. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಆದರೆ ಆ ಔಷಧ ತೆಗೆದುಕೊಂಡಿದ್ದಾರೆ ಎಂಬುದು ಡಾಕ್ಟರಿಗೆ ತಿಳಿಯದಿದ್ದರೆ ಹೀಗೆ ನೋಡಬೇಕೆಂದು ಅವರಿಗೆ ಹೊಳೆಯುವುದೇ ಕಷ್ಟ.

ನಮ್ಮ ಕಡೆ ಇದನ್ನು ಬೇರೆ ಏನೋ ಎಂದು ತಿಳಿಯುವ ಸಾಧ್ಯತೆ ತುಂಬಾ. ಎಣ್ಣೆ ಹೊಡೆದು ಬಂದವರಿಗೂ ಬೆವರು, ಭೇದಿ, ಸ್ನಾಯು ಅದುರುವುದು ಇರುತ್ತದೆ. ಆದರೆ ಆ ವಿಷದಲ್ಲಿ ಸಾಮಾನ್ಯವಾಗಿ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಇದರಲ್ಲಿ ಅಗಲವಾಗುತ್ತದೆ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟಾಗಲೂ ನಡುಕ, ಬೆವರು, ಗೊಂದಲ ಬರುತ್ತದೆ. ಬಿಸಿಲಿನ ಹೊಡೆತಕ್ಕೂ ಮೈ ಕಾಯುತ್ತದೆ. ಮನೋರೋಗಕ್ಕೆ ಕೊಡುವ ಬೇರೆ ಕೆಲವು ಗುಳಿಗೆಗಳಿಂದ ಮೈ ಬಿಗಿದು ಜ್ವರ ಏರುವ ಇನ್ನೊಂದು ಅಪಾಯವೂ ಇದೆ, ಅದು ದಿನಗಟ್ಟಲೆ ನಿಧಾನವಾಗಿ ಏರುವಂಥದ್ದು. ಇವುಗಳಲ್ಲಿ ಯಾವುದು ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ. ಎಲ್ಲಕ್ಕೂ ತಕ್ಷಣ ಆಸ್ಪತ್ರೆಯೇ ಬೇಕು.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಚಿಗವ್ವನ ಮನೆಯಲ್ಲಿ ಆಗಬೇಕಿದ್ದ ತಪ್ಪು. ಚಡಪಡಿಕೆ ಕಂಡಾಗ "ಕಾಯಿಲೆ ಹೆಚ್ಚಾಯಿತು" ಎಂದು ಅದೇ ಗುಳಿಗೆ ಇನ್ನೊಂದು ಕೊಡುವುದು. ಅದು ಉರಿಯುವ ಬೆಂಕಿಗೆ ಸೀಮೆಎಣ್ಣೆ ಸುರಿದಂತೆ.

ಆ ಹೊತ್ತಿನಲ್ಲಿ ಏನು ಮಾಡಬೇಕು?

ಯಾವ ಗುಳಿಗೆಯನ್ನೂ, ಸಿರಪ್ಪನ್ನೂ ಮತ್ತೆ ಕೊಡಬೇಡಿ. 108ಕ್ಕೆ ಕರೆ ಮಾಡಿ. ಮೈ ಕಾಯುತ್ತಿದ್ದರೆ ಬಟ್ಟೆ ಸಡಿಲಿಸಿ, ಗಾಳಿ ಬೀಸಿ, ಒದ್ದೆ ಬಟ್ಟೆಯಿಂದ ಒರೆಸಿ. ಈ ಜ್ವರ ಹುಟ್ಟುವುದು ಸ್ನಾಯುಗಳು ಬಿಡುವಿಲ್ಲದೆ ಬಿಗಿಯುವುದರಿಂದ, ಹಾಗಾಗಿ ಪ್ಯಾರಾಸಿಟಮಾಲ್‌ಗೆ ಇಳಿಯುವುದಿಲ್ಲ. ಕೈಕಾಲು ಹಿಡಿದು ಕಟ್ಟಬೇಡಿ. ಒದ್ದಾಡಿದಷ್ಟೂ ಮೈಯ ಬಿಸಿ ಏರುತ್ತದೆ.

ಮನೆಯಲ್ಲಿರುವ ಎಲ್ಲ ಗುಳಿಗೆ, ಪೊಟ್ಟಣ, ಬಾಟಲಿ, ಖಾಲಿ ಹಾಳೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಡಾಕ್ಟರಿಗೆ ಹೀಗೆ ಹೇಳಿ: "ಇವರು ಮನಸ್ಸಿನ ಗುಳಿಗೆ ತಗೋತಾರ್ರಿ. ಇಷ್ಟು ಹೊತ್ತಿಗೆ ಈ ಹೊಸ ಔಷಧ ಕೊಟ್ಟೀವಿ. ಸೆರೊಟೋನಿನ್ ತೊಂದರೆ ಇರಬಹುದಾ ನೋಡ್ರಿ." ಪಕ್ಕದಲ್ಲಿ ಬೇರೆಯವರಿದ್ದರೆ "ಸರ್, ಒಂದು ನಿಮಿಷ ಹೊರಗೆ ಬರ್ರಿ" ಎನ್ನಿ. ನಮ್ಮ ಗೆಳತಿ ಇಪ್ಪತ್ತು ನಿಮಿಷ ತಡವಾಗಿ ಮಾಡಿದ್ದನ್ನು ನೀವು ಮೊದಲ ನಿಮಿಷದಲ್ಲೇ ಮಾಡಿ.

ಇದಕ್ಕೆ ಕೊಡುವ ಒಂದು ಔಷಧದ ಹೆಸರು ಸೈಪ್ರೊಹೆಪ್ಟಡಿನ್. ಮಕ್ಕಳಿಗೆ ಹಸಿವಾಗಲಿ ಎಂದು ಕೊಡುವ ಸಿರಪ್‌ನಲ್ಲೂ ಅದೇ ಇರುತ್ತದೆ. ಹಾಗೆಂದು ಮನೆಯಲ್ಲೇ ಕೊಟ್ಟು ನೋಡಬೇಡಿ. ಹೊತ್ತು ಕಳೆಯುತ್ತದೆ ಅಷ್ಟೆ.

ಬೇಸರದಲ್ಲಿ ಯಾರಾದರೂ ಒಂದೇ ಸಲ ಹಾಳೆಗಟ್ಟಲೆ ಗುಳಿಗೆ ನುಂಗಿದ್ದರೆ, ನೋಡಲು ಚೆನ್ನಾಗಿದ್ದರೂ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೈಯುವುದು, ಅಳುವುದು ಆಮೇಲಿರಲಿ.

"ಇದನ್ನು ಬರೆದರೆ ಜನ ಗುಳಿಗೆ ಬಿಡ್ತಾರೆ"

ಬರೆಯುವ ಮೊದಲು ನಮ್ಮೊಳಗೆ ಜಗಳವೇ ಆಯಿತು. ಒಬ್ಬ ಗೆಳೆಯ ಹೇಳಿದ: "ಮೊದಲೇ ನಮ್ಮ ಜನ ಮನಸ್ಸಿನ ಗುಳಿಗೆ ಎಂದರೆ ಹೆದರುತ್ತಾರೆ. ಇದನ್ನು ಓದಿ ಇದ್ದವರೂ ಬಿಡುತ್ತಾರೆ. ಆಗ ಆಗುವ ಹಾನಿಗೆ ಯಾರು ಹೊಣೆ?"

ಅವನ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಆದ್ದರಿಂದ ಬಿಡಿಸಿ ಹೇಳುತ್ತೇವೆ. ಚಿಗವ್ವನನ್ನು ಬದುವಿನಿಂದ ಎಬ್ಬಿಸಿ ಮನೆಗೆ ತಂದದ್ದು ಆ ಗುಳಿಗೆಯೇ. ಈ ಗುಳಿಗೆಗಳಿಂದ ಬದುಕು ಮರಳಿ ಪಡೆದವರು ನಮ್ಮ ಊರುಗಳಲ್ಲಿ ಇದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ನಾವು ಹೇಳುವ ತೊಂದರೆ ಎಲ್ಲರಿಗೂ ಬರುವಂಥದ್ದಲ್ಲ, ಎಚ್ಚರ ವಹಿಸಿದರೆ ತಡೆಯಬಹುದಾದದ್ದು. ಗುಳಿಗೆಯನ್ನು ನೀವಾಗಿಯೇ ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು ಬರುತ್ತವೆ. ಹಳೆಯ ಕಾಯಿಲೆಯೂ ಮರಳಬಹುದು. ಅನುಮಾನವಿದ್ದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಅವರು ಸಿಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲಿ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ.

ಹೆದರಿಕೆ ಹುಟ್ಟೀತೆಂದು ಜನರಿಂದ ವಿಷಯ ಮುಚ್ಚಿಡುವುದೂ ಡಬ್ಬಿಯ ಹಿಂದೆ ಗುಳಿಗೆ ಮುಚ್ಚಿಡುವುದೂ ನಮಗೆ ಒಂದೇ ಥರ ಕಂಡಿತು. ಆದ್ದರಿಂದ ಬರೆಯಲು ನಿರ್ಧರಿಸಿದೆವು.

ತಪ್ಪು ರೋಗಿಯದೊಂದೇ ಅಲ್ಲ

ಇಲ್ಲಿಯವರೆಗೆ ಓದಿದವರಿಗೆ ನಾವು ಎಲ್ಲ ಹೊಣೆಯನ್ನೂ ಚಿಗವ್ವನ ಮನೆಯವರ ಮೇಲೆ ಹೊರಿಸಿದಂತೆ ಕಾಣಬಹುದು. ಹಾಗಲ್ಲ ಎಂದು ಹೇಳಲು ಅಮೆರಿಕದ ಒಂದು ಹಳೆಯ ಪ್ರಕರಣ ನೆನಪಿಸಬೇಕು.

1984ರ ಮಾರ್ಚ್ ತಿಂಗಳು. ನ್ಯೂಯಾರ್ಕಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಲಿಬ್ಬಿ ಝಯಾನ್ ಎಂಬ 18 ವರ್ಷದ ಕಾಲೇಜು ಹುಡುಗಿ ರಾತ್ರಿ ದಾಖಲಾದಳು. ಜ್ವರ, ಚಡಪಡಿಕೆ, ಮೈ ಜಗ್ಗುವುದು. ಖಿನ್ನತೆಗೆ ಫೆನೆಲ್ಜಿನ್ ಎಂಬ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ಅದು ಆಸ್ಪತ್ರೆಗೆ ಗೊತ್ತಿತ್ತು. ಆದರೂ ನಡುಕ ನಿಲ್ಲಲಿ ಎಂದು ಪೆಥಿಡಿನ್ ಸೂಜಿ ಕೊಟ್ಟರು. ಫೆನೆಲ್ಜಿನ್ ಜೊತೆ ಪೆಥಿಡಿನ್ ಸೇರಲೇಬಾರದು. ಹುಡುಗಿ ಒದ್ದಾಡಿದಾಗ ಕೈಕಾಲು ಕಟ್ಟಿದರು. ಬೆಳಗಾಗುವಷ್ಟರಲ್ಲಿ ಜ್ವರ ವಿಪರೀತ ಏರಿ ತೀರಿಕೊಂಡಳು. ಸಾವಿನ ಕಾರಣದ ಬಗ್ಗೆ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಇಂದು ವೈದ್ಯಕೀಯ ಪಾಠಗಳಲ್ಲಿ ಇದನ್ನು ಸೆರೊಟೋನಿನ್ ಸಿಂಡ್ರೋಮ್‌ಗೆ ಉದಾಹರಣೆಯಾಗಿ ಹೇಳುತ್ತಾರೆ.

ಅವಳ ತಂದೆ ಸಿಡ್ನಿ ಝಯಾನ್ ವಕೀಲರೂ ಪತ್ರಕರ್ತರೂ ಆಗಿದ್ದರು. ಮಗಳ ಸಾವನ್ನು ಹಣೆಬರಹ ಎಂದು ಬಿಡಲಿಲ್ಲ. ಗಂಟೆಗಟ್ಟಲೆ ನಿದ್ದೆಯಿಲ್ಲದೆ ದುಡಿಯುವ ಕಿರಿಯ ವೈದ್ಯರ ಕೈಗೆ ರೋಗಿಗಳನ್ನು ಒಪ್ಪಿಸುವ ಪದ್ಧತಿಯನ್ನೇ ಪ್ರಶ್ನಿಸಿದರು. ಅವರ ಹೋರಾಟದ ಫಲವಾಗಿ 1989ರಲ್ಲಿ ನ್ಯೂಯಾರ್ಕ್ ರಾಜ್ಯ ಕಿರಿಯ ವೈದ್ಯರ ದುಡಿಮೆಗೆ ವಾರಕ್ಕೆ 80 ಗಂಟೆಯ ಮಿತಿ ಹಾಕಿತು.

ಇದರಿಂದ ನಮಗೆ ತಿಳಿದದ್ದು ಇಷ್ಟು. ಅಲ್ಲಿ ಗುಳಿಗೆಯ ಹೆಸರು ಹೇಳಿದ್ದರೂ ಜೀವ ಉಳಿಯಲಿಲ್ಲ. ಕೇಳುವವರಿಗೆ ಅದರ ಅರ್ಥ ಗೊತ್ತಿರಬೇಕು, ಯೋಚಿಸಲು ಬಿಡುವೂ ಇರಬೇಕು. ನಮ್ಮಲ್ಲಿ ಹೇಳುವುದೂ ಇಲ್ಲ, ಕೇಳುವುದೂ ಇಲ್ಲ. ಆದ್ದರಿಂದ ನಮ್ಮ ಕೇಳಿಕೆ ಎರಡೂ ಕಡೆಗೆ.

ನಾವು ಕೇಳುವುದು

ಮನೆಯವರಿಗೆ: ನಿಮ್ಮ ಕೈಯಲ್ಲಿ ಫೋನ್ ಇದೆ. ಮನೆಯಲ್ಲಿ ಯಾರು ಯಾವ ಗುಳಿಗೆ ತೆಗೆದುಕೊಂಡರೂ ಹೆಸರು ಕಾಣುವ ಹಾಗೆ ಫೋಟೊ ತೆಗೆದು ಇಟ್ಟುಕೊಳ್ಳಿ. ಮೆಡಿಕಲ್ ಅಂಗಡಿಯಲ್ಲಿ ಹಾಳೆ ಕತ್ತರಿಸಿ ನಾಲ್ಕೇ ಗುಳಿಗೆ ಕೊಡುವಾಗ ಹೆಸರಿರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಕತ್ತರಿಸುವ ಮೊದಲು ಒಂದು ಫೋಟೊ ತೆಗೆಯುತ್ತೇನೆ ಎಂದು ಕೇಳಿ. ಪೊಟ್ಟಣದಲ್ಲಿ ಕೊಟ್ಟರೆ ಹೆಸರು ಬರೆಸಿಕೊಳ್ಳಿ. ಪಕ್ಕದ ಮನೆಯವರಿಗೆ ಗುಣ ಕಂಡ ನೋವಿನ ಗುಳಿಗೆಯನ್ನು ಇಸಿದುಕೊಂಡು ನುಂಗಬೇಡಿ. ಒಂದು ದಿನದ ಗುಳಿಗೆ ಮರೆತರೆ ಮರುದಿನ ಎರಡು ತೆಗೆದುಕೊಳ್ಳಬೇಡಿ. "ಬಿಟ್ಟು ಹತ್ತು ದಿನ ಆತು, ಇನ್ನೇನು ಹೇಳೂದು" ಎಂದುಕೊಳ್ಳಬೇಡಿ. ಫ್ಲುಆಕ್ಸೆಟಿನ್‌ನಂಥ ಗುಳಿಗೆಯ ಅಂಶ ಬಿಟ್ಟ ಮೇಲೂ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ.

ಊರಿನ ಡಾಕ್ಟರಿಗೆ, ಮೆಡಿಕಲ್ ಅಂಗಡಿಯವರಿಗೆ: ನೀವು ಕೇಳುವ ರೀತಿ ಬದಲಾಗಬೇಕು. "ಮಾನಸಿಕ ಕಾಯಿಲೆ ಇದೆಯಾ?" ಎಂದು ನಾಲ್ಕು ಜನರ ಮುಂದೆ ಕೇಳಿದರೆ ಯಾರೂ ಹೂಂ ಎನ್ನುವುದಿಲ್ಲ. "ನಿದ್ದೆಗೆ, ನರಕ್ಕೆ, ತಲೆನೋವಿಗೆ, ಮನಸ್ಸಿಗೆ ಅಂತ ದಿನಾ ಯಾವುದಾದರೂ ಗುಳಿಗೆ ತಗೋತೀರಾ?" ಎಂದು ಮೆಲ್ಲಗೆ ಕೇಳಿ. ಟ್ರಮಡಾಲ್ ಕೊಡುವ ಮೊದಲು, ಕೆಮ್ಮಿನ ಸಿರಪ್ ಕೊಡುವ ಮೊದಲು ಈ ಒಂದು ಪ್ರಶ್ನೆ ಸಾಕು. ಟ್ರಮಡಾಲ್ ಚೀಟಿ ಇಲ್ಲದೆ ಕೊಡಲೇಬೇಡಿ.

ಮನೋವೈದ್ಯರಿಗೆ: ಮಂಗಳವಾರ ಉದ್ದ ಸಾಲು ಇರುತ್ತದೆ, ಒಬ್ಬೊಬ್ಬರಿಗೆ ಸಿಗುವುದು ನಾಲ್ಕೈದು ನಿಮಿಷ, ನಮಗೆ ಗೊತ್ತು. ಆದರೂ ಗುಳಿಗೆ ಕೊಡುವಾಗ ಯಾವುದರ ಜೊತೆ ಸೇರಬಾರದು ಎಂಬುದನ್ನು ಕನ್ನಡದಲ್ಲಿ ಎರಡು ಸಾಲು ಬರೆದ ಚೀಟಿ ಕೊಡಿ. ಚಿಕಿತ್ಸೆಯ ಬಗ್ಗೆ, ಅದರ ಅಡ್ಡ ಪರಿಣಾಮದ ಬಗ್ಗೆ ತಿಳಿದುಕೊಳ್ಳುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಕೊಟ್ಟಿರುವ ಹಕ್ಕು. ಅದೇ ಕಾಯ್ದೆ ರೋಗಿಯ ವಿಷಯವನ್ನು ಗುಟ್ಟಾಗಿಡುವ ಹೊಣೆಯನ್ನೂ ಆಸ್ಪತ್ರೆಯವರ ಮೇಲೆ ಹಾಕಿದೆ. ಈ ಎರಡನೆಯ ಮಾತು ಜನರಿಗೆ ಗೊತ್ತಾದರೆ ಡಾಕ್ಟರ ಮುಂದೆ ಬಾಯಿ ಬಿಡಲು ಧೈರ್ಯ ಬರುತ್ತದೆ.

ಆರೋಗ್ಯ ಇಲಾಖೆಗೆ: ಹಳ್ಳಿಯ ಜನರಿಗೂ ಮನಸ್ಸಿನ ಚಿಕಿತ್ಸೆ ಸಿಗುವಂತೆ ಮಾಡಬಹುದು ಎಂದು ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಗುಳಿಗೆಯನ್ನು ಹಳ್ಳಿಯ ಹತ್ತಿರಕ್ಕೆ ತಂದ ರಾಜ್ಯ ಅದರ ಜೊತೆಗಿನ ಎಚ್ಚರಿಕೆಯನ್ನೂ ತರಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಲಕ್ಷಣಗಳನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ರೋಗಿಗೆ ಒಂದೇ ಪುಸ್ತಕ ಇರಲಿ. ಕ್ಷಯದ್ದು, ಸಕ್ಕರೆಯದು, ಮನಸ್ಸಿನದು ಎಲ್ಲ ಔಷಧವೂ ಅದರಲ್ಲೇ ಬರೆಯಲಿ.

ಯಾವುದೇ ಔಷಧದಿಂದ ತೊಂದರೆಯಾದರೆ ರೋಗಿಯ ಕಡೆಯವರೇ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ದೂರು ಕೊಟ್ಟು ಯಾರಿಗೋ ಶಿಕ್ಷೆ ಕೊಡಿಸಲು ಇರುವ ನಂಬರು ಅದಲ್ಲ. ಯಾವ ಔಷಧದಿಂದ ಎಲ್ಲಿ ಏನಾಗುತ್ತಿದೆ ಎಂದು ದೇಶದ ಲೆಕ್ಕಕ್ಕೆ ಸಿಗುವುದು ಹಾಗೆ. ಹಳ್ಳಿಯಿಂದ ಯಾರೂ ಹೇಳದಿದ್ದರೆ ಹಳ್ಳಿಯಲ್ಲಿ ಏನೂ ಆಗುತ್ತಿಲ್ಲ ಎಂದೇ ಲೆಕ್ಕ.

ಡಬ್ಬಿಯ ಹಿಂದೆ

ಚಿಗವ್ವ ಈಗ ಚೆನ್ನಾಗಿದ್ದಾರೆ. ಮನೋವೈದ್ಯರು ಕೆಲವು ದಿನ ಬಿಟ್ಟು ಅದೇ ಗುಳಿಗೆಯನ್ನು ಮತ್ತೆ ಶುರು ಮಾಡಿದರು. ಗುಳಿಗೆ ಈಗಲೂ ಹಿಟ್ಟಿನ ಡಬ್ಬಿಯ ಹಿಂದೆಯೇ ಇದೆ. ಅದನ್ನು ಕಟ್ಟೆಯ ಮೇಲೆ ತಂದಿಟ್ಟು ಎಲ್ಲರಿಗೂ ತೋರಿಸಿ ಎಂದು ನಾವು ಹೇಳುವುದಿಲ್ಲ. ಮಗಳ ಮದುವೆಯ ಚಿಂತೆ ಅವರದು. ಆ ಚಿಂತೆ ಸುಳ್ಳಲ್ಲ. ಊರು ಬದಲಾಗುವವರೆಗೆ ಊರಿನಿಂದ ಮುಚ್ಚಿಡುವ ಹಕ್ಕು ಅವರಿಗಿದೆ.

ಆದರೆ ಮಗಳ ಫೋನಿನಲ್ಲಿ ಈಗ ಒಂದು ಫೋಟೊ ಇದೆ. ಗುಳಿಗೆಯ ಹಾಳೆಯ ಹಿಂಬದಿ, ಹೆಸರು ಸ್ಪಷ್ಟವಾಗಿ ಕಾಣುವ ಹಾಗೆ. ಹೋದ ತಿಂಗಳು ಚಿಗವ್ವ ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋದಾಗ ಮಗಳು ಏನೂ ಮಾತಾಡದೆ ಫೋನು ಮುಂದೆ ಹಿಡಿದಳಂತೆ. ಡಾಕ್ಟರು ನೋಡಿ, ತಲೆಯಾಡಿಸಿ, ಬರೆಯುತ್ತಿದ್ದ ಗುಳಿಗೆ ಬದಲಿಸಿದರಂತೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಊರಿನವರಿಗೆ ಏನೂ ಗೊತ್ತಾಗಲಿಲ್ಲ.

ನಿಮ್ಮ ಮನೆಯಲ್ಲೂ ಯಾವುದೋ ಡಬ್ಬಿಯ ಹಿಂದೆ, ಹಾಸಿಗೆಯ ಕೆಳಗೆ, ಟ್ರಂಕಿನ ತಳದಲ್ಲಿ ಇಂಥದ್ದೊಂದು ಹಾಳೆ ಇರಬಹುದು. ಇವತ್ತೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ.